ಕರಪತ್ರದ ಕೊನೆಯ ಸಾಲು

ನನ್ನ ಕೈಬರಹದ ವಿಷಯವನ್ನು ನಾನೇ ಹೇಳಿಬಿಡುವುದು ಮೇಲು. ಬೇರೆಯವರು ಹೇಳಿದರೆ ಇನ್ನೂ ಕೆಟ್ಟದಾಗಿ ಹೇಳುತ್ತಾರೆ. ಮದುವೆಯಾದ ಹೊಸದರಲ್ಲಿ, ತವರಿಗೆ ಹೋಗಿದ್ದ ಹೆಂಡತಿ ಶಾರದೆಗೆ ನಾಲ್ಕು ಪುಟದ ಪ್ರೇಮಪತ್ರ ಬರೆದಿದ್ದೆ. ಓದಲಾಗದೆ ಅವಳು ಅದನ್ನು ತಂದೆಯ ಕೈಗೆ ಕೊಟ್ಟಳಂತೆ. ಅವರಿಗೂ ಒಂದು ಸಾಲೂ ಅರ್ಥವಾಗಲಿಲ್ಲ. ಕೈ ಇಷ್ಟೊಂದು ನಡುಗಬೇಕಾದರೆ ಅಳಿಯನಿಗೆ ಏನೋ ದೊಡ್ಡ ಕಾಯಿಲೆಯೇ ಇರಬೇಕೆಂದು ಗಾಬರಿಯಾಗಿ ಮಾರನೆಯ ದಿನವೇ ಬೆಂಗಳೂರಿನ ರೈಲು ಹತ್ತಿದರು. ಬಂದವರು ಹದಿನೈದು ದಿನ ಇದ್ದರು.

ಇಡೀ ಬೆಂಗಳೂರಿನಲ್ಲಿ ನನ್ನ ಅಕ್ಷರವನ್ನು ಸರಾಗವಾಗಿ ಓದಬಲ್ಲವರು ಒಬ್ಬರೇ ಇದ್ದರು: ಶಿವಾಜಿನಗರದ ಗಲ್ಲಿಯೊಂದರಲ್ಲಿ ಪುಟ್ಟ ಮುದ್ರಣಾಲಯ ಇಟ್ಟುಕೊಂಡಿದ್ದ ಖಲೀಲ್ ಸಾಹೇಬರು. ಅಲ್ಲಿ ಯಜಮಾನರೂ ಅವರೇ, ಅಚ್ಚಿನ ಮೊಳೆ ಜೋಡಿಸುವವರೂ ಅವರೇ. ನಮ್ಮ ವಿಮಾ ಕಚೇರಿಯ ಕನ್ನಡ ಸಂಘಕ್ಕೆ ನಾನು ಕಾರ್ಯದರ್ಶಿ. ರಾಜ್ಯೋತ್ಸವದ ಆಹ್ವಾನ ಪತ್ರಿಕೆಯಿಂದ ಹಿಡಿದು ಸಂತಾಪ ಸೂಚನೆಯವರೆಗೆ ನಾನು ಗೀಚಿದ್ದನ್ನೆಲ್ಲ ಅವರು ಕನ್ನಡಕ ಮೂಗಿನ ತುದಿಗೆ ಇಳಿಸಿ, ತುಟಿಯಲ್ಲೇ ಓದಿಕೊಳ್ಳುತ್ತ, ನಿಂತ ನಿಲುವಿನಲ್ಲೇ ಜೋಡಿಸಿಬಿಡುತ್ತಿದ್ದರು. “ನಿಮ್ಮ ಅಕ್ಷರ ಕೆಟ್ಟದಲ್ಲ ಸಾರ್, ಸ್ವಲ್ಪ ಅವಸರ ಜಾಸ್ತಿ ಅಷ್ಟೆ” ಎನ್ನುತ್ತಿದ್ದರು. ನನ್ನ ಬಗ್ಗೆ ಅಷ್ಟು ಮರ್ಯಾದೆಯ ಮಾತನ್ನು ಬೇರೆ ಯಾರೂ ಆಡಿದ್ದಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ದೂರದ ಒಂದು ದೇಶದಲ್ಲಿ, ಧರ್ಮದ ಆಜ್ಞೆಯೆಂದು ಹೇಳಿ, ಕಳ್ಳನೊಬ್ಬನ ಕೈಯನ್ನು ಜನರೆದುರಿಗೇ ಕಡಿದರೆಂಬ ಸುದ್ದಿ ಪೇಪರಿನಲ್ಲಿ ಬಂತು. ಸಂಜೆ ಜೀವನ್ ಬಿಮಾ ನಗರದ ನಮ್ಮ ಕಾಲೊನಿಯ ಕಲ್ಲುಬೆಂಚಿನ ಮೇಲೆ ನಾಲ್ಕೈದು ಮಂದಿ ಸೇರಿದೆವು. ಸುಳ್ಳು ಹೇಳಬಾರದು, ನಮಗೆ ನಿಜವಾಗಿಯೂ ನೋವಾಗಿತ್ತು. “ಏನಾದ್ರೂ ಮಾಡ್ಲೇಬೇಕು ಕಣ್ರೀ, ಸುಮ್ನೆ ಕೂತ್ರೆ ನಾವೂ ಮನುಷ್ಯರಾ?” ಎಂದರು ಪಕ್ಕದ ಮನೆಯ ಶೇಷಗಿರಿ. ಕಚೇರಿಯಲ್ಲಿ ನನ್ನ ಎದುರು ಮೇಜೂ ಅವರದೇ.

ಬಹಿಷ್ಕಾರ ಹಾಕುವುದೆಂದು ತೀರ್ಮಾನವಾಯಿತು. ಯಾವುದಕ್ಕೆ? ಆ ದೇಶದಿಂದ ಬರುವುದು ಪೆಟ್ರೋಲು. ಎಲ್ಲರೂ ತಮ್ಮ ತಮ್ಮ ಸ್ಕೂಟರಿನ ಕಡೆ ಒಮ್ಮೆ ನೋಡಿ ಸುಮ್ಮನಾದರು. ಇನ್ನು ಖರ್ಜೂರ. ಅದನ್ನು ನಮ್ಮಲ್ಲಿ ಯಾರೂ ತಿನ್ನುತ್ತಿರಲಿಲ್ಲ. ತಿನ್ನದ್ದನ್ನು ಬಿಟ್ಟೆವೆಂದು ಸಾರುವುದಕ್ಕೆ ಸಂಕೋಚವಾಯಿತು. ಕೊನೆಗೆ ಶೇಷಗಿರಿಯವರೇ ದಾರಿ ತೋರಿಸಿದರು. ದಂಡು ಪ್ರದೇಶದ, ಎಂದರೆ ಶಿವಾಜಿನಗರದ ಕಡೆಯ, ಮುಸ್ಲಿಮರ ಅಂಗಡಿಗಳಿಗೆ ಯಾರೂ ಹೋಗಬಾರದು. ಇಲ್ಲಿಯವರಿಗೆ ಬಿಸಿ ಮುಟ್ಟಿದರೆ ಅಲ್ಲಿಯವರಿಗೆ ಬುದ್ಧಿ ಬರುತ್ತದೆ. ಶಿವಾಜಿನಗರದ ಬೇಕರಿಯವನಿಗೆ ಮುಟ್ಟಿದ ಬಿಸಿ ಸಮುದ್ರ ದಾಟಿ ಹೋಗುವುದು ಹೇಗೆಂದು ಯಾರೂ ಕೇಳಲಿಲ್ಲ. ನಾನಂತೂ ಕೇಳಲಿಲ್ಲ, ಏಕೆಂದರೆ ಅಷ್ಟರಲ್ಲಿ ಕರಪತ್ರದ ಮೊದಲ ವಾಕ್ಯ ನನ್ನ ತಲೆಯಲ್ಲಿ ಹುಟ್ಟಿಬಿಟ್ಟಿತ್ತು.

ಬಹಿಷ್ಕಾರವೆಂದರೆ ನಮ್ಮವರಿಗೆ ಹೊಸದೇನಲ್ಲ. ಮಕ್ಕಳು ಕಿರುಬೆರಳು ತೋರಿಸಿ ಟೂ ಬಿಡುತ್ತಾರೆ. ನಮ್ಮ ಅಜ್ಜಿ ಒಂದು ಕರಿಬೇವಿನ ಗಿಡದ ಸಲುವಾಗಿ ಪಕ್ಕದ ಮನೆಯವರೊಡನೆ ಹನ್ನೊಂದು ವರ್ಷ ಮಾತು ಬಿಟ್ಟಿದ್ದರು. ಹಿಂದೆ ಘಟಸ್ಫೋಟವೆಂಬ ಶಾಸ್ತ್ರವೇ ಇತ್ತು: ಜಾತಿಯಿಂದ ಹೊರಹಾಕಿದವನ ಹೆಸರಿನಲ್ಲಿ ಗಡಿಗೆಯನ್ನು ಉರುಳಿಸಿ, ಬದುಕಿರುವಾಗಲೇ ಅವನನ್ನು ಸತ್ತವನೆಂದು ಎಣಿಸುತ್ತಿದ್ದರು. ಅಷ್ಟೇಕೆ, ಕಳ್ಳನ ಕೈ ಕಡಿಯುವ ವಿಧಿ ನಮ್ಮ ಹಳೆಯ ಶಾಸ್ತ್ರಗಳಲ್ಲೂ ಇದೆ. ಇದೆಲ್ಲ ನನಗೆ ಗೊತ್ತಿತ್ತು. ಕರಪತ್ರದಲ್ಲಿ ಮಾತ್ರ ಬರೆಯಲಿಲ್ಲ.

ಬರೆದದ್ದು ಎರಡು ಪುಟ. ‘ಮಾನವೀಯತೆ’ ಎಂಬ ಪದವೇ ಆರು ಕಡೆ ಇತ್ತು. ಕೆಳಗೆ ನಮ್ಮ ಹೆಸರು ಹಾಕುವ ಧೈರ್ಯ ಯಾರಿಗೂ ಬರಲಿಲ್ಲ. ‘ನೊಂದ ನಾಗರಿಕರು’ ಎಂದಷ್ಟೇ ಹಾಕಿಕೊಂಡೆವು. ಅಚ್ಚಿಗೆ ಕೊಡಲು ಹಲಸೂರಿನ ಎರಡು ಪ್ರೆಸ್ಸುಗಳಿಗೆ ಹೋದೆ. ಮೊದಲನೆಯವರು ಕಾಗದವನ್ನು ತಲೆಕೆಳಗೆ ಮಾಡಿಯೂ ನೋಡಿದರು. ಎರಡನೆಯವರು, “ಇದು ಯಾವ್ ಭಾಷೆ ಸಾರ್?” ಎಂದರು. ದುಂಡಗೆ ಬರೆಯುವ ಶಾರದೆಗೆ ನಕಲು ಮಾಡಿಕೊಡು ಎಂದು ನಾನು ಓದಿ ಹೇಳುತ್ತ ಹೋದೆ. ಒಂದು ಪುಟ ಬರೆದವಳು ಪೆನ್ನು ಕೆಳಗಿಟ್ಟು, “ನಮ್ಮ ಹೊಲಿಗೆ ಮೆಷೀನ್ ರಿಪೇರಿ ಮಾಡಿಕೊಟ್ಟವ್ರು, ಮಗು ಬಿದ್ದಾಗ ಎತ್ಕೊಂಡು ಬಂದವ್ರು, ಎಲ್ಲ ಆ ಅಂಗಡಿಯವ್ರೇ ಅಲ್ವೇನ್ರೀ? ನನ್ನ ಕೈಲಾಗಲ್ಲ ಹೋಗಿ” ಎಂದು ಬರೆದದ್ದನ್ನೂ ಹರಿದುಹಾಕಿ ಅಡಿಗೆಮನೆಗೆ ಹೋದಳು.

ಇಲ್ಲಿಗೆ ಬಿಟ್ಟಿದ್ದರೆ ನಾನು ಗಂಡಸಾಗಿ ಉಳಿಯುತ್ತಿದ್ದೆನೋ ಏನೋ. ಆದರೆ ಶೇಷಗಿರಿ ದಿನವೂ “ಏನಾಯ್ತ್ರೀ?” ಎನ್ನುತ್ತಿದ್ದರು. ಮೇಲಾಗಿ ಆ ವಾಕ್ಯಗಳು ಅಚ್ಚಿನಲ್ಲಿ ಹೇಗೆ ಕಾಣುತ್ತವೋ ನೋಡುವ ಆಸೆ. ಶನಿವಾರ ಮಧ್ಯಾಹ್ನ ಬಸ್ಸು ಹತ್ತಿ ಖಲೀಲ್ ಸಾಹೇಬರ ಬಳಿಗೇ ಹೋದೆ. ಹೌದು, ಅವರ ಅಂಗಡಿಗೆ ಹೋಗಬೇಡಿರೆಂಬ ಕಾಗದವನ್ನು ಅಚ್ಚು ಹಾಕಿಸಲು ಅವರ ಅಂಗಡಿಗೇ ಹೋದೆ.

ಅವರು ಎಂದಿನಂತೆ ತುಟಿಯಲ್ಲೇ ಓದಿಕೊಳ್ಳುತ್ತ ಮೊಳೆ ಎತ್ತತೊಡಗಿದರು. ಎರಡನೆಯ ಪುಟಕ್ಕೆ ಬಂದಾಗ ಕೈ ನಿಂತಿತು.

“ಇದ್ರಲ್ಲಿ ನಮ್ಮ ಅಂಗಡೀನೂ ಸೇರುತ್ತಾ ಸಾರ್?”

“ಛೆ ಛೆ, ನೀವಲ್ಲ ಸಾಹೇಬ್ರೇ!”

“ಹಂಗಂತ ಕೊನೇಲಿ ಒಂದು ಸಾಲು ಹಾಕ್ಲಾ?”

ಅವರು ತಮಾಷೆ ಮಾಡುತ್ತಿರಲಿಲ್ಲ. ಸೀಸದ ಕಪ್ಪು ಮೆತ್ತಿದ ತಮ್ಮ ಬೆರಳುಗಳನ್ನು ಒರೆಸಿಕೊಳ್ಳುತ್ತ, “ಉರ್ದು ಪೇಪರಲ್ಲಿ ನಾನೂ ಓದ್ದೆ ಸಾರ್. ನಮ್ಮದು ಕೈ ಕೆಲಸ ನೋಡಿ, ಎರಡು ದಿನ ಅನ್ನ ಸೇರ್ಲಿಲ್ಲ. ಹಂಗೆ ಕೈ ಕಡಿಯೋದು ಬೇಡ ಅಂತ ಕಾಗದ ಬರೆಯೋದಾದ್ರೆ ನಾನೂ ಸಹಿ ಹಾಕ್ತಿದ್ದೆ. ನೀವು ಕೇಳ್ಲಿಲ್ಲ” ಎಂದರು. ಆಮೇಲೆ ಉಳಿದದ್ದನ್ನೂ ಜೋಡಿಸಿ ಐನೂರು ಪ್ರತಿ ಅಚ್ಚು ಹಾಕಿಕೊಟ್ಟರು. ಒಂದು ತಪ್ಪಿಲ್ಲ.

ಕಟ್ಟು ಬಿಚ್ಚಿದ ಶೇಷಗಿರಿ ಹೌಹಾರಿದರು. ಕೊನೆಯಲ್ಲಿ, ಕಾನೂನಿನಂತೆ, ಮುದ್ರಕರ ಹೆಸರು: ಖಲೀಲ್ ಸಾಹೇಬರದ್ದು, ಗಲ್ಲಿಯ ಹೆಸರಿನ ಸಮೇತ. ಇಡೀ ಕರಪತ್ರದಲ್ಲಿ ಧೈರ್ಯವಾಗಿ ನಿಂತಿದ್ದ ಹೆಸರು ಅದೊಂದೇ. “ಜನ ನಗ್ತಾರೆ ಕಣ್ರೀ, ಕತ್ತರಿಸಿ!” ಎಂದರು. ಭಾನುವಾರ ಬೆಳಿಗ್ಗೆಯಿಂದ ಊಟದ ಹೊತ್ತಿನವರೆಗೆ ಕೂತು, ಶಾರದೆಯ ಬಟ್ಟೆ ಕತ್ತರಿಯಲ್ಲಿ ಐನೂರು ಕಾಗದಗಳ ಕೊನೆಯ ಸಾಲನ್ನು ನಾನೇ ಕತ್ತರಿಸಿದೆ. ಅವಳು ಆ ದಿನ ನನ್ನನ್ನು ಊಟಕ್ಕೆ ಕರೆಯಲಿಲ್ಲ. ನಾನೇ ಹೋಗಿ ಬಡಿಸಿಕೊಂಡೆ.

ಕರಪತ್ರ ಹಂಚಿದ ಮೇಲೆ ಬಹಿಷ್ಕಾರ ಹತ್ತು ದಿನ ನಡೆಯಿತು. ಹನ್ನೊಂದನೆಯ ದಿನ ಶೇಷಗಿರಿಯವರು ಶಿವಾಜಿನಗರದ ದರ್ಜಿಯಲ್ಲಿ ಹೊಲಿಯಲು ಹಾಕಿದ್ದ ಸೂಟನ್ನು ನೆನಪಿಸಿಕೊಂಡರು. ದೂರದ ದೇಶಕ್ಕೆ ವಿಷಯ ತಿಳಿದ ಹಾಗೆ ಕಾಣಲಿಲ್ಲ.

ತಿಂಗಳಾದ ಮೇಲೆ, ಸಂಘದ ಯಾವುದೋ ಆಹ್ವಾನ ಪತ್ರಿಕೆ ಹಿಡಿದುಕೊಂಡು, ಏನೂ ಆಗದವನಂತೆ ಖಲೀಲ್ ಸಾಹೇಬರಲ್ಲಿಗೆ ಹೋದೆ. ಕೂರಿಸಿ ಟೀ ತರಿಸಿದರು. ಮುದ್ರಕರ ಹೆಸರಿಲ್ಲದ ಕರಪತ್ರ ಪೊಲೀಸರ ಕೈಗೆ ಸಿಕ್ಕಿ, ಅವರು ಒಂದೊಂದೇ ಪ್ರೆಸ್ಸು ಜಾಲಾಡಿದರಂತೆ. ಪಕ್ಕದ ಪ್ರೆಸ್ಸಿನವನನ್ನು ಎಳೆದುಕೊಂಡು ಹೋಗುವುದನ್ನು ನೋಡಲಾರದೆ ಇವರೇ, ಅಚ್ಚು ಹಾಕಿದ್ದು ನಾನು ಎಂದರಂತೆ. ಒಂದು ಹಗಲೆಲ್ಲ ಠಾಣೆಯ ಬೆಂಚಿನ ಮೇಲೆ ಕೂರಿಸಿದ್ದರಂತೆ.

“ಬರೆದವರು ಯಾರು ಅಂತ ಕೇಳಿದ್ರು. ನಿಮ್ಮ ಕೈಬರಹದ ಕಾಗದ ಇತ್ತಲ್ಲ, ಕೊಟ್ಟೆ. ಯಾರ್ದು ಅಂತ ಗೊತ್ತಿಲ್ಲ, ನನಗೂ ಸರಿಯಾಗಿ ಓದಕ್ಕೆ ಬರಲ್ಲ ಅಂದೆ” ಎಂದು ನಕ್ಕರು. ನಕ್ಕು ಮುಗಿದ ಮೇಲೆ ಮೆಲ್ಲಗೆ ಕೇಳಿದರು: “ಹೆಸರು ಯಾರು ಸಾರ್ ಕತ್ತರಿಸಿದ್ದು?”

ನಾನು ಎಂದರೆ ಮುಗಿಯುತ್ತಿತ್ತು. ಅವರು ಬಯ್ಯುವವರೂ ಅಲ್ಲ. “ಯಾರೋ ಕಾಲೊನಿಯವ್ರು... ನನಗೆ ಗೊತ್ತೇ ಆಗ್ಲಿಲ್ಲ” ಎಂದೆ.

“ಹೌದಾ ಸಾರ್” ಎಂದರು. ಕನ್ನಡಕ ಏರಿಸಿಕೊಂಡು ಆಹ್ವಾನ ಪತ್ರಿಕೆ ಓದಲು ತೊಡಗಿದರು. ನನ್ನ ಮುಖವನ್ನು ಅವರು ಅದಕ್ಕಿಂತ ಮೊದಲೇ ಓದಿದ್ದರು.

ಆಮೇಲೆ ನಾನು ಅಲ್ಲಿಗೆ ಹೋಗಿಲ್ಲ. ಸಿದ್ಧವಾದ ಆಹ್ವಾನ ಪತ್ರಿಕೆಗಳನ್ನು ಬೇರೆಯವರನ್ನು ಕಳಿಸಿ ತರಿಸಿಕೊಂಡೆ. ಕಾರ್ಯದರ್ಶಿ ಕೆಲಸವನ್ನೂ ಬಿಟ್ಟೆ. ಶಿವಾಜಿನಗರದಲ್ಲಿ ಕೆಲಸವಿದ್ದರೆ ಒಂದು ಸ್ಟಾಪು ಮುಂಚೆಯೇ ಇಳಿದು ಆ ಗಲ್ಲಿ ತಪ್ಪಿಸಿ ಸುತ್ತುಹಾಕಿ ನಡೆಯುತ್ತೇನೆ. ಶೇಷಗಿರಿಯವರು ಈಗಲೂ ಅಲ್ಲಿಯೇ ಸೂಟು ಹೊಲಿಸುತ್ತಾರೆ, ಅವರ ಮನೆಯವರು ಅಲ್ಲಿಯೇ ಬಳೆ ಕೊಳ್ಳುತ್ತಾರೆ, ಶಾರದೆಯ ಮೆಷೀನು ರಿಪೇರಿಗೆ ಹೋಗುವುದೂ ಅಲ್ಲಿಗೇ. ನಾವು ಸಾರಿದ ಆ ಬಹಿಷ್ಕಾರವನ್ನು ಚಾಚೂ ತಪ್ಪದೆ ಇವತ್ತಿಗೂ ಪಾಲಿಸುತ್ತಿರುವವನು ಇಡೀ ಕಾಲೊನಿಯಲ್ಲಿ ನಾನೊಬ್ಬನೇ.