ಹಲಗೆಯ ಮೇಲೆ ಎರಡನೆಯ ಕಚ್ಚು

ಬಲೆ ಬೀಸಿ ಗೊತ್ತಿಲ್ಲದ, ಮೊಣಕಾಲಿಗಿಂತ ಆಳದ ನೀರಿಗೆ ಇಳಿದೂ ಗೊತ್ತಿಲ್ಲದ ನಾನು ಕೆರೆಯ ನಿಯಮದ ಬಗ್ಗೆ ಬರೆಯಲು ಹೊರಟಿದ್ದೇನೆ. ಓದುಗರು ಮನ್ನಿಸಬೇಕು. ಬರೆದದ್ದನ್ನು, ಇಲ್ಲಿ ಮೀನು ಅಳೆಯುವ, ಎಲ್ಲರೂ ಅಳತೆಯಕ್ಕ ಎಂದೇ ಕರೆಯುವ ಹೆಂಗಸಿಗೇ ಓದಿ ಹೇಳಿ ತಿದ್ದಿಸಿಕೊಂಡಿದ್ದೇನೆ. ಆದರೂ ತಪ್ಪು ಉಳಿದಿದ್ದರೆ ಅದು ನನ್ನದು, ಅವರದಲ್ಲ.

ಬೆಳಕು ಈಗಷ್ಟೇ ಹರಿಯುತ್ತಿದೆ. ದಡದ ಕಲ್ಲಿನ ಮೇಲೆ ಕುಕ್ಕರಗಾಲಿನಲ್ಲಿ ಕೂತ ಅಳತೆಯಕ್ಕ ಮೊದಲು ಎರಡೂ ಕೈ ನೀರಿನಲ್ಲಿ ಅದ್ದಿಕೊಳ್ಳುತ್ತಾರೆ. ಒಣಗೈಯಲ್ಲಿ ಹಿಡಿದರೆ ಮೀನಿನ ಮೈಯ ಲೋಳೆ ಕಿತ್ತು ಬರುತ್ತದಂತೆ. ಆಮೇಲೆ ನೀರಿಗೆ ಬಿಟ್ಟರೂ ಅದು ಉಳಿಯುವುದು ಅನುಮಾನ. ದೋಣಿಯ ಬುಟ್ಟಿಯಿಂದ ಒಂದೊಂದೇ ಮೀನೆತ್ತಿ ಮರದ ಹಲಗೆಯ ಮೇಲೆ ಮಲಗಿಸುತ್ತಾರೆ. ಬಾಲ ಹಲಗೆಯಲ್ಲಿ ಅಳತೆಗೆಂದು ಕೊರೆದ ಕಚ್ಚನ್ನು ದಾಟಿದರೆ ಬುಟ್ಟಿಗೆ, ದಾಟದಿದ್ದರೆ ಕೆರೆಗೆ.

“ಅಕ್ಕಾ, ಮೀನು ಅಳೀತಿದ್ದೀರೋ, ಬಟ್ಟೆ ಅಳೀತಿದ್ದೀರೋ? ಬೇಗ!” ದೋಣಿಯಿಂದ ಕೂಗು ಬರುತ್ತದೆ.

“ಬಟ್ಟೆ ಆಗಿದ್ರೆ ಹಿಂಗೆ ಮುಖಕ್ಕೆ ನೀರು ಎರಚ್ತಿತ್ತೇನ್ರೀ? ಸುಮ್ನಿರಿ!”

ಅಳತೆಯಕ್ಕ ಮೊದಲು ಸಂತೆಯಲ್ಲಿ ಮೀನು ಹೆಚ್ಚಿ ಕೊಡುತ್ತಿದ್ದವರು. ಗುಡ್ಡದಾಚೆಯ ದೊಡ್ಡ ಕೆರೆಯಲ್ಲಿ ಮೀನು ಬರಿದಾಗುತ್ತ ಬಂದಾಗ ಮೀನುಗಾರಿಕೆ ಇಲಾಖೆ ಈ ಕಚ್ಚಿನ ನಿಯಮ ತಂದು, ಅಳೆಯುವ ಕೆಲಸಕ್ಕೆ ಇವರನ್ನು ಸೇರಿಸಿಕೊಂಡಿತು. ಬೆಸ್ತರು ಬಾಯಿಗೆ ಬಂದಂತೆ ಬೈದರು. ಕೆಲವು ವರ್ಷಗಳಲ್ಲಿ ಮೀನು ಮೊಳದುದ್ದ ಬೆಳೆದಾಗ ಬೈದವರೇ ಕರೆದು ಕೂರಿಸಿ ಮಾತಾಡಿಸಿದರು. ಹಾಗಾಗಿ ಅದೇ ಹಲಗೆ ಕೊಟ್ಟು ಈ ಚಿಕ್ಕ ಕೆರೆಗೆ ಕಳಿಸಿದಾಗ ಅವರಿಗೆ ಯಾವ ಅನುಮಾನವೂ ಇರಲಿಲ್ಲ.

ಇಲ್ಲಿ ಮಾತ್ರ ಮೀನು ಕಚ್ಚಿನ ಹತ್ತಿರವೂ ಸುಳಿಯಲಿಲ್ಲ. ಬುಟ್ಟಿಗೆ ಬುಟ್ಟಿಯೇ ವಾಪಸು ನೀರಿಗೆ. ಇಲ್ಲೇ ದೋಣಿ ನಡೆಸುವ ಅವರ ಮೈದುನ ಮೊದಲು ನಗುತ್ತಲೇ ಹೇಳಿದ್ದರು: “ಅತ್ತಿಗೆ, ನಮ್ಮ ಕೆರೆ ಮೀನು ಮೊಮ್ಮಕ್ಕಳನ್ನ ಕಂಡ್ರೂ ನಿಮ್ಮ ಕಚ್ಚು ಮುಟ್ಟಲ್ಲ.” ಅತ್ತಿಗೆ ಅದನ್ನು ನೆಪ ಎಂದುಕೊಂಡರು. ಎರಡನೆಯ ವರ್ಷ ಮೈದುನ ನಗುವುದನ್ನು ಬಿಟ್ಟರು. ಅಣ್ಣನ ಮನೆಗೆ ಬರುವುದನ್ನೂ ಬಿಟ್ಟರು. ದೋಣಿ ಮಾರುವ ಮಾತು ಶುರುವಾಯಿತು.

ಒಂದು ಬೆಳಿಗ್ಗೆ ಮೈದುನನ ಬುಟ್ಟಿಯಿಂದ ಎತ್ತಿದ ಗಿಡ್ಡ ಮೀನೊಂದು ಹಲಗೆಯ ಮೇಲೆ ಮಲಗಿಸುತ್ತಲೇ ತತ್ತಿ ಸುರಿಸಿತು.

“ಮಗು ಮಗು ಅಂತ ವಾಪಸು ಬಿಡ್ತಿದ್ದೆನಲ್ಲ, ಅದು ತಾಯಿ!” ಎನ್ನುತ್ತಾರೆ ಅಳತೆಯಕ್ಕ. ಆ ಮೀನನ್ನು ನೀರಿಗೆ ಬಿಟ್ಟು, ಮೈದುನನನ್ನು ಕರೆದುಕೊಂಡು ನೇರ ಇಲಾಖೆಯ ಅಧಿಕಾರಿಯ ಕೋಣೆಗೆ ಹೋದರು.

ಇಲ್ಲಿಯ ಮೀನು ಬೆಳೆಯುವುದೇ ಇಷ್ಟೇನೋ ಎಂಬ ಅನುಮಾನ ಅಧಿಕಾರಿಯನ್ನೂ ಕಾಡುತ್ತಿತ್ತಂತೆ. ಕೆರೆ ಚಿಕ್ಕದು, ಮೀನು ಕಿಕ್ಕಿರಿದು ಮೇವು ಸಾಲದೆ ಗಿಡ್ಡಾಗಿರಬಹುದು. ಹಾಗಿದ್ದರೆ ಇನ್ನಷ್ಟು ಹಿಡಿಯುವುದೇ ಒಳ್ಳೆಯದು. ಆದರೆ ವರ್ಷಗಟ್ಟಲೆ ದೊಡ್ಡದನ್ನೆಲ್ಲ ಬಾಚಿದ್ದರಿಂದ ಗಿಡ್ಡ ತಳಿಯೇ ಉಳಿದಿದ್ದರೆ? ಆಗ ಅಳತೆ ಸಡಿಲ ಬಿಟ್ಟರೆ ಕೆರೆ ಬರಿದಾದಂತೆಯೇ. ಕೊನೆಗೆ ಕೆರೆಯ ನಡುವಿನ ಹಳೆಯ ಮಣ್ಣಿನ ಒಡ್ಡನ್ನೇ ಗಡಿ ಮಾಡಿದರು. ಯಾವುದು ನಿಜವೆಂದು ನೋಡಲು ಒಂದು ವರ್ಷದ ಮಟ್ಟಿಗೆ ಮೂಡಣ ಭಾಗಕ್ಕೆ ಗಿಡ್ಡ ಅಳತೆ, ಪಡುವಣಕ್ಕೆ ಹಳೆಯದು.

ಹಲಗೆಯ ಮೇಲೆ ಎರಡನೆಯ ಕಚ್ಚು ಕೊರೆದದ್ದು ಮೈದುನನೇ. ಚಾಕು ಅಧಿಕಾರಿ ಎಳೆದ ಗೆರೆಯಿಂದ ಒಂದು ಬೆರಳು ಈಚೆಗೆ, ಇನ್ನೂ ಗಿಡ್ಡ ಅಳತೆಯ ಕಡೆಗೆ ಬಂದಿತ್ತಂತೆ.

“ಗೆರೆ ಮೇಲೆ ಕೊರಿಯಪ್ಪ, ನಿನ್ನ ಆಸೆ ಮೇಲೆ ಬೇಡ.”

“ಚಾಕು ಜಾರ್ತು ಅತ್ತಿಗೆ.”

“ಜಾರೋದು ಯಾವಾಗ್ಲೂ ನಿನ್ನ ಕಡೆಗೇ ಯಾಕೋ?”

ಈಗ ಮೈದುನನ ದೋಣಿ ಮೂಡಣ ಭಾಗದಲ್ಲಿದೆ. ಮಾರುವ ಮಾತು ನಿಂತಿದೆ. ಅಣ್ಣನ ಮನೆಯಲ್ಲಿ ಮತ್ತೆ ಊಟಕ್ಕೆ ಕೂರುತ್ತಾರೆ, ಉಪ್ಪು ಕಮ್ಮಿ ಎಂದು ಕೊಂಕು ತೆಗೆಯುತ್ತಾರೆ. “ಅವನು ಬೈದ್ಕೊಂಡು ಉಣ್ತಾನಲ್ಲ, ಅಷ್ಟು ಸಾಕು ನಂಗೆ,” ಎಂದು ಅಳತೆಯಕ್ಕ ನಗುತ್ತಾರೆ. ಚಳಿಗೆ ಬಿರಿದ ಬೆರಳುಗಳು ಮುಂದಿನ ಮೀನನ್ನು ಎತ್ತಿಕೊಳ್ಳುತ್ತವೆ.

ವರ್ಷ ಮುಗಿದ ಮೇಲೆ ಯಾವ ಕಚ್ಚು ಉಳಿಯಬೇಕೆಂದು ನಿಮ್ಮ ಆಸೆ ಎಂದು ಕೇಳಿದೆ.

“ನನ್ನದೇನಿದೆ? ಮೀನು ಉಳೀಬೇಕು, ದೋಣಿನೂ ಉಳೀಬೇಕು. ಬೇಕಾದ್ರೆ ಮೂರನೇ ಕಚ್ಚು ಕೊರಿಯೋಣ, ಹಲಗೇಲಿ ಜಾಗ ಇದೆ.”

ದೊಡ್ಡ ಕೆರೆಯ ಅಳತೆ ಇಲ್ಲಿಗೆ ಒಗ್ಗಲಿಲ್ಲ, ಮೂಡಣ ಭಾಗಕ್ಕೆ ಒಗ್ಗುವ ಅಳತೆ ಒಡ್ಡಿನಾಚೆಯ ಪಡುವಣಕ್ಕಾದರೂ ಒಗ್ಗೀತೇ ಎಂದು ಹೊರಡುವಾಗ ಅಳುಕುತ್ತಲೇ ಕೇಳಿದೆ. ಅವರು ಒಡ್ಡಿನ ಕಡೆ ನೋಡಿ, ಒದ್ದೆ ಕೈಯಿಂದಲೇ ಹಣೆ ಒರೆಸಿಕೊಂಡರು. ಅವರಿಗೂ ಗೊತ್ತಿಲ್ಲ. ನನಗಂತೂ ಗೊತ್ತಿಲ್ಲ.