ಕರಾಚಿಗೆ ನಾನು ಹಾಕಿಕೊಟ್ಟ ದಾರಿ

ನಮ್ಮ ಪಕ್ಕದ ಮನೆಯ ಖಾಲಾ ಕೌದಿ ಹೊಲಿಯುತ್ತಾಳೆ. ಅವಳ ಕೌದಿ ಹೊದೆಯದಿದ್ದರೆ ಹುಮನಾಬಾದಿನಲ್ಲಿ ಯಾರಿಗೂ ನಿದ್ದೆ ಬರುವುದಿಲ್ಲ ಎಂದು ನಾನು ಮಾಣಿಕನಗರದ ತನಕ ಹೇಳಿಕೊಂಡು ಬಂದಿದ್ದೇನೆ. ಅವಳ ಒಬ್ಬನೇ ಮಗ, ನಾನು ಹುಟ್ಟುವ ಮೊದಲೇ ಸೋದರಮಾವನ ಜೊತೆ ಬೊಂಬಾಯಿಯಲ್ಲಿ ಹಡಗು ಹತ್ತಿ ಕರಾಚಿಗೆ ಹೋದವನು, ಒಮ್ಮೆಯೂ ಬಂದಿಲ್ಲ. ಯಾರಾದರೂ ಕೇಳಿದರೆ ಖಾಲಾ ಸೂಜಿ ನಿಲ್ಲಿಸದೆ, "ನಡಬರಕ ಸಮುದ್ರ ಅದರಿ, ಹ್ಯಾಂಗ ಬರ್ತಾನ" ಎನ್ನುತ್ತಿದ್ದಳು. ಅದಕ್ಕೆ ಎದುರಾಡಲು ಓಣಿಯಲ್ಲಿ ಸಮುದ್ರ ನೋಡಿದವರು ಯಾರು? ನಾನು ನೋಡಿದ್ದೇನೆಂದು ಕ್ಲಾಸಿನಲ್ಲಿ ಹೇಳಿದ್ದೆ. ನೋಡಿದ್ದು ಊರ ಹೊರಗಿನ ಕೆರೆ.

ಹೋದ ಚಳಿಗಾಲದಲ್ಲಿ ಅವಳ ಅಳಿಯ ಬಸವಕಲ್ಯಾಣದಿಂದ ಬಂದ. ಅರಬ್ ದೇಶಕ್ಕೆ ಹೊರಟ ತಮ್ಮನನ್ನು ಬೊಂಬಾಯಿಯಲ್ಲಿ ವಿಮಾನ ಹತ್ತಿಸಿ ಬಂದಿದ್ದ. ಖುಷಿಯ ಸುದ್ದಿ ಎಂದೇ ಹೇಳಿದ: "ಅಮ್ಮೀ, ಬೊಂಬಾಯಿಂದ ಕರಾಚಿಗೆ ಒಂದೂವರಿ ತಾಸು ಅಷ್ಟ. ನಮ್ಮ ಬಸ್ಸು ಕಲ್ಯಾಣ ಬಿಟ್ಟು ಇಲ್ಲಿ ಮುಟ್ಟೂದರಾಗ ಕರಾಚಿಯಾಗ ಹತ್ತಿದಾಂವ ಬೊಂಬಾಯಿಯಾಗ ಇಳದಿರ್ತಾನ."

ಆ ಬಸ್ಸಿನ ವೇಗವೂ ಗೊತ್ತಿರಲಿ. ಕಲ್ಯಾಣದಲ್ಲಿ ಗಡ್ಡ ಬೋಳಿಸಿಕೊಂಡು ಹತ್ತಿದವರು ನಡುದಾರಿಯ ರಾಜೇಶ್ವರ ದಾಟುವಷ್ಟರಲ್ಲಿ ಮತ್ತೆ ಬೋಳಿಸಿಕೊಳ್ಳಬೇಕು.

ಆದರೆ ಖಾಲಾ ನಗಲಿಲ್ಲ. ಅಳಿಯ ಹೋದ ಮೇಲೆ ಕೌದಿ ಮಡಚಿಟ್ಟಳು, ಒಲೆ ಹಚ್ಚಲಿಲ್ಲ. ನಮ್ಮವ್ವ ಕಳಿಸಿದ ರೊಟ್ಟಿ ಹಾಗೇ ಉಳಿದವು. ಸಂಜೆ ನನ್ನನ್ನು ಕರೆದಳು.

"ನೀ ಸಾಲಿ ಕಲತಾಂವ. ಒಂದೂವರಿ ತಾಸು ಅಂಬೋದು ಖರೇನೇನು ಬೇಟಾ?"

ನಕ್ಷೆಯಲ್ಲಿ ಆ ಎರಡು ಊರುಗಳ ನಡುವೆ ನನ್ನ ಹೆಬ್ಬೆರಳೂ ಹಿಡಿಸುವುದಿಲ್ಲ. ವೀಸಾದ ತಾಪತ್ರಯ ಇದ್ದದ್ದೇ. ಆದರೂ ಓಣಿಯ ಬೇರೆ ಮನೆಗಳ ನೆಂಟರು ಕರಾಚಿಯಿಂದ ಬಂದು ಹೋಗಿದ್ದರು. ಹೌದು ಎಂದರೆ ಅವಳ ಮಗ ಬರಲಾರದವನಲ್ಲ, ಬರಲೊಲ್ಲದವನು.

"ಅಳಿಯಂದ್ರಿಗೇನು ಗೊತ್ತದ ಖಾಲಾ? ನಿಲ್ದಾಣದ ಗ್ಯಾಲರಿಯಾಗ ನಿಂತು ಕೈ ಮಾಡಿ ಬಂದಾರ. ವಿಮಾನ ಸೀದಾ ಹೋಗಂಗಿಲ್ಲ. ಗಡಿ ಮ್ಯಾಲೆ ಹಾರಾಕ ಬಿಡಂಗಿಲ್ಲಲ್ಲ, ಅದಕ್ಕ ಅರಬಸ್ತಾನ ಸುತ್ತಿ ಹೋಗ್ತದ. ಅಲ್ಲಿ ನಮ್ಮ ಡ್ರೈವರ್ ಇಳಿತಾನ, ಅವರ ಡ್ರೈವರ್ ಹತ್ತತಾನ. ಅಂವ ಊಟಾ ಮಾಡಿ, ಎಲಿ ಅಡಿಕಿ ಹಾಕ್ಕೊಂಡು ಬರೂತನಕ ಮಂದಿ ಬಿಸಲಾಗ ಕೂತಿರಬೇಕು."

"ರಾತ್ರಿ?"

"ರಾತ್ರಿ ವಿಮಾನದಾಗೇ ಕಳೀಬೇಕು. ಕಾಲು ಚಾಚಾಕ ಜಾಗಾ ಇರಂಗಿಲ್ಲ."

"ಸಣ್ಣಾಂವಿದ್ದಾಗ ಚಿಟಗುಪ್ಪ ಬಸ್ಸಿನ್ಯಾಗ ಕೂತ್ರೂ ವಾಂತಿ ಮಾಡ್ಕೋತಿದ್ದ," ಎಂದಳು ಖಾಲಾ. "ಅಷ್ಟು ದೂರ ಹ್ಯಾಂಗ ಬಂದಾನು?" ಎದ್ದು ಒಲೆ ಹಚ್ಚಿದಳು. ನಾನು ಗೆದ್ದವನಂತೆ ಮನೆಗೆ ಬಂದು ಎರಡು ರೊಟ್ಟಿ ಹೆಚ್ಚೇ ತಿಂದೆ.

ಮುಂದಿನ ಸಲ ಅಳಿಯ ಬಂದಾಗ ಖಾಲಾ ಅವನನ್ನು ಕೂಡಿಸಿ ಈ ದಾರಿಯನ್ನೆಲ್ಲ ಹೇಳಿದಳು. ಅರಬಸ್ತಾನ, ಡ್ರೈವರು, ಬಿಸಿಲು, ಒಂದನ್ನೂ ಬಿಡಲಿಲ್ಲ. ಆಮೇಲೆ ನಾನು ಹೇಳದೇ ಇದ್ದದ್ದನ್ನೂ ಸೇರಿಸಿದಳು: "ಸಮುದ್ರದ ಮ್ಯಾಲೆ ಮೋಡ ಕವಿದ್ರ ತಿರುಗಿ ಹೊಂಟ ಊರಿಗೇ ಒಯ್ದು ಬಿಡ್ತಾರಂತ. ಎಷ್ಟು ಸಲ ಹತ್ತಿ ಇಳದಾನೋ ನನ್ನ ಮಗ, ಯಾರಿಗೆ ಗೊತ್ತು."

ಅಳಿಯ ನನ್ನತ್ತ ನೋಡಿದ. ನಾನು ಅವನ ಚೀಲ ಎತ್ತಿಕೊಂಡು, ಬಸ್ಸಿಗೆ ಹೊತ್ತಾಯಿತೆಂದೆ.

ಅವನನ್ನು ಬಸ್ಸಿಗೆ ಕಳಿಸಿ ಬಂದಾಗ ಖಾಲಾ ಹೊಸ್ತಿಲಲ್ಲಿ ಕೂತಿದ್ದಳು. ನನ್ನ ಮುಖ ನೋಡದೆ ಅಂದಳು:

"ನಾ ಇಲ್ಲದಾಗ ಯಾರರ ಕೇಳಿದ್ರ ನೀನೂ ಹಂಗ ಹೇಳು ಬೇಟಾ. ಒಂದೂವರಿ ತಾಸು ಅನಬ್ಯಾಡ."