ಮೊದಲ ಅಕ್ಷರ ಬರೆಸಿದ ಕೈ

ಮಕ್ಕಳೇ, ಶನಿವಾರದ ಪಾಠಕ್ಕೆ ಬರುತ್ತಿದ್ದ ಮೂರು ಮಕ್ಕಳು ಈಗ ಯಾಕೆ ಬರುವುದಿಲ್ಲ ಎಂದು ನೀವು ಕೇಳಿದಿರಿ. ನಾನು ಒಲೆಯ ಕಡೆಗೆ ತಿರುಗಿ ಮಾತು ತಪ್ಪಿಸಿದೆ. ಇಂಥದ್ದನ್ನೆಲ್ಲ ಬಾಯಿಬಿಟ್ಟು ಹೇಳಲು ನನಗೆ ಬರುವುದಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ.

ನಾನು ಓದಿದ್ದು ಊರ ಶಾಲೆಯಲ್ಲಿ, ಏಳನೇ ಕ್ಲಾಸಿನವರೆಗೆ. ನಿಮ್ಮ ಅಜ್ಜ ತೀರಿಕೊಂಡ ಮೇಲೆ ನಿಮ್ಮ ಅಮ್ಮ ನನ್ನನ್ನು ದುಬೈಗೆ ಕರೆತಂದಳು. ಮೊದಮೊದಲು ಸತ್ವಾ ಬಡಾವಣೆಯ ಈ ಕಟ್ಟಡದ ಲಿಫ್ಟಿನಲ್ಲಿ ಬೇರೆ ಯಾರಾದರೂ ಇದ್ದರೆ ನಾನು ಹತ್ತುತ್ತಲೇ ಇರಲಿಲ್ಲ. ಇಂಗ್ಲಿಷಿನಲ್ಲಿ ಏನಾದರೂ ಕೇಳಿಬಿಟ್ಟರೆ ಎಂದು ಹೆದರಿ ಮೂರು ಮಹಡಿ ನಡೆದೇ ಹತ್ತುತ್ತಿದ್ದೆ. ಅಂಥವಳನ್ನು ಟೀಚರ್ ಮಾಡಿದ್ದು ಎದುರು ಬಾಗಿಲಿನ ಬ್ಯಾರಿ ಹೆಂಗಸು. ನಾನು ತಟ್ಟೆಯಲ್ಲಿ ಬೆಳ್ತಿಗೆ ಅಕ್ಕಿ ಹರಡಿ ನಿಮ್ಮ ಬೆರಳು ಹಿಡಿದು ಬರೆಸುವುದನ್ನು ಅವರು ನೋಡಿದ್ದರು. ಮುಂದಿನ ಶನಿವಾರ ಮೊಮ್ಮಗಳನ್ನು ಎಳೆದುಕೊಂಡು ಬಂದರು.

“ಇವಳಿಗೂ ಸ್ವಲ್ಪ ಕಲಿಸಿ ಮಾರಾಯ್ರೆ. ಊರಿಗೆ ಹೋದ್ರೆ ಬಸ್ಸಿನ ಬೋರ್ಡ್ ಓದ್ಲಿಕ್ಕೆ ಬರುದಿಲ್ಲ. ಬೋರ್ಡ್ ಬಿಟ್ಟು ನನ್ನ ಮುಖ ನೋಡ್ತಾಳೆ.”

ಹಾಗೆ ಒಂದು ಮಗು ಎರಡಾಯಿತು, ಹತ್ತಾಯಿತು. ಬಾಗಿಲ ಹೊರಗೆ ಪುಟ್ಟ ಪುಟ್ಟ ಚಪ್ಪಲಿಗಳ ರಾಶಿ. ನನಗೆ ಗೊತ್ತಿದ್ದ ವಿದ್ಯೆ ನನ್ನ ಮಾಸ್ತರರದ್ದೇ: ಮೊದಲು ಬೆರಳಲ್ಲಿ ಅಕ್ಕಿಯ ಮೇಲೆ, ಆಮೇಲೆ ಸ್ಲೇಟು, ಕೊನೆಗೆ ಪುಸ್ತಕ. ಕಾಗುಣಿತವನ್ನು ಎಲ್ಲರೂ ಒಟ್ಟಿಗೆ ಗಟ್ಟಿಯಾಗಿ ಹೇಳಬೇಕು. ಒಬ್ಬ ಹುಡುಗ ಒಂದು ಸಾಲು ಬರೆದ ಕೂಡಲೆ “ಟೀಚರ್, ಖಲಾಸ್!” ಎಂದು ಕೂಗುತ್ತಿದ್ದ. “ಖಲಾಸ್ ಆದ್ರೆ ಇನ್ನೊಂದು ಸಾಲು ಬರಿ” ಎಂದರೆ ಅವನ ಮುಖ ನೋಡಬೇಕಿತ್ತು. ಜನರೆದುರು ಬಾಯಿ ಬಾರದ ನನಗೆ ಮಕ್ಕಳ ಮುಂದೆ ದನಿ ಎಲ್ಲಿಂದ ಬರುತ್ತಿತ್ತೋ.

ಆ ಹುಡುಗನ ತಂಗಿಗೆ ನಾಲ್ಕು ವರ್ಷ. ಅಣ್ಣ ಬರೆಯುವಷ್ಟು ಹೊತ್ತೂ ಅವಳು ನನ್ನ ಮಡಿಲಲ್ಲಿ ಕೂತಿರುತ್ತಿದ್ದಳು. ಅವರ ತಾಯಿ ಆಸ್ಪತ್ರೆಯಲ್ಲಿ ನರ್ಸು. ನವರಾತ್ರಿಗೆ ಮುಂಚೆ ಒಂದು ದಿನ ಡ್ಯೂಟಿಯ ಬಟ್ಟೆಯಲ್ಲೇ ಬಂದು, “ಟೀಚರೇ, ಈ ಸಲ ವಿಜಯದಶಮಿಗೆ ಇವಳಿಗೆ ಅಕ್ಷರಾಭ್ಯಾಸ. ನೀವೇ ಕೈ ಹಿಡಿದು ಬರೆಸ್ಬೇಕು” ಎಂದಳು. ನಾನು ಒಂದು ಕ್ಷಣ ಸುಮ್ಮನಾದೆ. ಆಮೇಲೆ “ಆಯ್ತು” ಎಂದೆ.

ಸುಮ್ಮನಾದದ್ದು ಯಾಕೆಂದರೆ, ನಮ್ಮ ಕಡೆ ಮಗುವಿನ ಮೊದಲ ಅಕ್ಷರಕ್ಕೆ ಗಂಡ ಸತ್ತವಳು ಕೈ ಹಿಡಿಯುವುದಿಲ್ಲ. ಮುತ್ತೈದೆ ಹಿಡಿಯಬೇಕು, ಇಲ್ಲವೇ ಹಿರಿಯ ಗಂಡಸರು. ಈ ನಿಯಮವನ್ನು ನಾನೂ ಒಪ್ಪಿಕೊಂಡೇ ಬಂದವಳು. ಹಿಂದಿನ ಎರಡು ವರ್ಷವೂ ಇಲ್ಲಿನ ನಮ್ಮವರ ಸಂಘದ ವಿಜಯದಶಮಿ ಕಾರ್ಯಕ್ರಮಕ್ಕೆ ಚಿತ್ರಾನ್ನ ಕಲಸಿ, ಅಕ್ಷರ ಬರೆಸುವ ಹೊತ್ತಿಗೆ ನಾನಾಗಿಯೇ ಅಡುಗೆಮನೆಗೆ ಸರಿದಿದ್ದೆ. ಯಾರೂ ನನ್ನನ್ನು ಹೋಗು ಎಂದಿರಲಿಲ್ಲ. ಆ ತಪ್ಪು ನನ್ನದೇ.

ಸುದ್ದಿ ಹರಡಿತು. ಕಾರ್ಯಕ್ರಮ ನಡೆಸುವ ಹೆಂಗಸು ನಿಮ್ಮ ಅಮ್ಮನಿಗೆ ಫೋನ್ ಮಾಡಿ, ನಾನು ಬರೆಸುವುದು ಬೇಡ ಎಂದರು. ಅವತ್ತು ಸಂಜೆ ಅವಳು ಆಫೀಸಿನಿಂದ ಬಂದವಳೇ ಬ್ಯಾಗು ಇಳಿಸದೆ ನನ್ನ ಎದುರು ನಿಂತಳು.

“ಅಮ್ಮ, ಬೇಡ. ಇಲ್ಲಿ ನಮಗೆ ಅಂತ ಇರುದೇ ಅವರು ನಾಲ್ಕು ಜನ. ಕಷ್ಟ ಬಂದ್ರೆ ಯಾರನ್ನು ಕರಿಯುದು?”

“ನಾನು ಆಯ್ತು ಅಂದಾಗಿದೆ.”

“ಆ ನರ್ಸಿಗೆ ನಾನು ಹೇಳ್ತೇನೆ.”

ಅವಳದ್ದು ತಪ್ಪಲ್ಲ. ಹೊರದೇಶದಲ್ಲಿ ಜನ ಬೇಕು. ನಾನೂ ಎರಡು ದಿನ ಹಾಗೆಯೇ ಯೋಚಿಸಿದೆ. ಮೂರನೆಯ ದಿನ ಎದುರು ಮನೆಯವರು ಮೀನಿನ ಚೀಲ ಹಿಡಿದು ಬಂದು ಬಾಗಿಲಲ್ಲೇ ನಿಂತು ಕೇಳಿದರು.

“ಟೀಚರಮ್ಮ, ನಿಮ್ಮನ್ನು ಬೇಡ ಅಂದ್ರಂತೆ, ಹೌದಾ? ಇಡೀ ವರ್ಷ ಆ ಮಕ್ಕಳ ಕೈ ಹಿಡಿದದ್ದು ಯಾರು? ಆಗ ಮಕ್ಕಳಿಗೆ ಎಂತ ಆಗ್ಲಿಲ್ಲ, ಆ ಒಂದು ದಿವ್ಸ ಹಿಡಿದ್ರೆ ಆಗ್ತದಾ? ಚಿತ್ರಾನ್ನಕ್ಕೆ ನಿಮ್ಮ ಕೈ ಆಗ್ತದೆ ಅಲ್ವಾ!”

ನನಗೆ ನಗು ಬಂತು. ನಕ್ಕ ಮೇಲೆ ಸಿಟ್ಟು ಬಂತು. ಎಷ್ಟೋ ವರ್ಷಗಳ ಮೇಲೆ ಬಂದ ಸಿಟ್ಟು.

ಇಲ್ಲಿ ನಮ್ಮ ಹಬ್ಬಗಳು ಪಂಚಾಂಗ ನೋಡಿ ಬರುವುದಿಲ್ಲ, ರಜೆ ನೋಡಿ ಬರುತ್ತವೆ. ಆ ವರ್ಷವೂ ದಶಮಿ ವಾರದ ಮಧ್ಯದಲ್ಲಿತ್ತು. ಕಾರ್ಯಕ್ರಮ ಇಟ್ಟದ್ದು ಭಾನುವಾರ, ಜುಮೇರಾ ಲೇಕ್ ಟವರ್ಸಿನಲ್ಲಿ, ನಿಮ್ಮ ಅಮ್ಮನಿಗೆ ಫೋನ್ ಮಾಡಿದ್ದ ಹೆಂಗಸಿನ ಫ್ಲ್ಯಾಟಿನಲ್ಲಿ. ನಾನು ಚಿತ್ರಾನ್ನ ಮಾಡಲಿಲ್ಲ. ಒಂದು ಡಬ್ಬಿಯಲ್ಲಿ ಅಕ್ಕಿ, ನನ್ನ ಹಿತ್ತಾಳೆ ತಟ್ಟೆ, ಅಷ್ಟೇ ತೆಗೆದುಕೊಂಡು ಮೆಟ್ರೋ ಹತ್ತಿದೆ. ನಿಮ್ಮ ಅಮ್ಮ ಮುಖ ಗಂಟಿಕ್ಕಿಕೊಂಡೇ ಜೊತೆಗೆ ಬಂದಳು. ಆದರೆ ಇಳಿಯುವಾಗ ತಟ್ಟೆಯ ಚೀಲ ಅವಳ ಕೈಯಲ್ಲಿತ್ತು.

ಹಾಲ್‌ನಲ್ಲಿ ಮೂವತ್ತು ಜನರಾದರೂ ಇದ್ದರು. ಸರಸ್ವತಿಯ ಪಟಕ್ಕೆ ಹೂ ಹಾಕಿದ್ದರು. ನಾನು ಗೋಡೆಯ ಬದಿ ಕೂತು ಅಕ್ಕಿ ಹರಡಿದೆ. ಮನೆಯೊಡತಿ ನಗುತ್ತಲೇ ಬಂದು ಬಗ್ಗಿದರು.

“ಅಮ್ಮ, ನಿಮ್ಮ ಮೇಲೆ ನಮಗೆ ತುಂಬಾ ಗೌರವ ಉಂಟು. ಆದ್ರೆ ಇದು ಮಕ್ಕಳ ಭವಿಷ್ಯದ ವಿಷಯ. ಶಾಸ್ತ್ರ ನಾವು ಬದಲು ಮಾಡ್ಲಿಕ್ಕೆ ಆಗುದಿಲ್ಲ.”

ತಟ್ಟೆಯನ್ನೇ ನೋಡುತ್ತ ಹೇಳಿದೆ. ಆದರೆ ಕಾಗುಣಿತ ಹೇಳಿಸುವ ದನಿಯಲ್ಲೇ ಹೇಳಿದೆ, ಎಲ್ಲರಿಗೂ ಕೇಳಿಸಿತು:

“ದಶಮಿಯನ್ನು ನೀವು ಭಾನುವಾರಕ್ಕೆ ತಂದ್ರಿ. ಆಫೀಸು ಉಂಟು ಅಂತ ಶಾಸ್ತ್ರ ಬದಲಾಯ್ತು. ನನಗೋಸ್ಕರ ಮಾತ್ರ ಬದಲಾಗುದಿಲ್ವಾ?”

ಯಾರೋ ಕೆಮ್ಮಿದರು. ಹಿಂದಿನಿಂದ ಒಬ್ಬರು, “ಹೌದಲ್ವಾ ಮಾರಾಯ” ಎಂದು ತುಂಬ ಮೆಲ್ಲಗೆ ಅಂದರು. ಯಾರೆಂದು ಇವತ್ತಿಗೂ ಗೊತ್ತಿಲ್ಲ. ಮನೆಯೊಡತಿ ತಾವೇ ಬರೆಸಲು ಪಟದ ಎದುರಿನ ಮಣೆಯ ಮೇಲೆ ಹೋಗಿ ಕೂತರು. ಮಕ್ಕಳನ್ನು ಎತ್ತಿಕೊಂಡ ಅಪ್ಪ ಅಮ್ಮಂದಿರು ಒಬ್ಬರ ಹಿಂದೆ ಒಬ್ಬರು ಅಲ್ಲೇ ಸಾಲಾಗಿ ನಿಂತರು. ನನ್ನ ಎದುರು ಯಾರೂ ಇರಲಿಲ್ಲ.

ಆಗ ಎದ್ದು ಹೋಗಬಹುದಿತ್ತು. ಅಡುಗೆಮನೆಯ ದಾರಿ ನನಗೆ ಗೊತ್ತಿತ್ತು. ನಾನು ಏಳಲಿಲ್ಲ.

ನರ್ಸು ಆ ಸಾಲಿನಲ್ಲಿ ಗಂಡನ ಪಕ್ಕ ನಿಂತಿದ್ದಳು. ಗಂಡ ಅವಳ ಕಿವಿಯಲ್ಲಿ ಏನೋ ಹೇಳುತ್ತಿದ್ದ. ಅವಳು ಒಮ್ಮೆ ತಲೆ ಅಲ್ಲಾಡಿಸಿದಳು. ಆಮೇಲೆ ಮಗಳನ್ನು ಅವನ ತೋಳಿನಿಂದ ಇಳಿಸಿಕೊಂಡು ಹಾಲ್‌ನ ಈ ತುದಿಗೆ ನಡೆದು ಬಂದಳು. ಮಗು ರೂಢಿಯಂತೆ ನನ್ನ ಮಡಿಲಲ್ಲಿ ಕೂತು, ಕೇಳುವ ಮೊದಲೇ ಬಲಗೈ ಚಾಚಿತು. ನಾನು ಹಿಡಿದೆ. ನಾವಿಬ್ಬರೂ ಸೇರಿ ಅಕ್ಕಿಯ ಮೇಲೆ “ಅ” ಬರೆದೆವು. ಅವಳು “ಅಗೇನ್!” ಎಂದಳು. ಅಳಿಸಿ ಮತ್ತೆ ಬರೆದೆವು.

ಅವತ್ತು ನನ್ನ ಕೈಯಿಂದ ಬರೆದದ್ದು ಅವಳೊಬ್ಬಳೇ. ಮುಂದಿನ ಶನಿವಾರದಿಂದ ನೀವು ಕೇಳಿದ ಆ ಮೂರು ಮಕ್ಕಳನ್ನು ಅವರ ಅಪ್ಪ ಅಮ್ಮಂದಿರು ಕಳಿಸಲಿಲ್ಲ. ಅವರ ಮೇಲೆ ನನಗೆ ಬೇಸರವಿದೆ, ಇಲ್ಲವೆಂದು ಸುಳ್ಳು ಹೇಳುವುದಿಲ್ಲ. ಆ ಮಕ್ಕಳಲ್ಲೊಬ್ಬಳು ಒತ್ತಕ್ಷರ ಶುರು ಮಾಡಿದ್ದಳಷ್ಟೆ.

ಈ ವರ್ಷ ನವರಾತ್ರಿ ಹತ್ತಿರ ಬಂದಾಗ ಆ ಮನೆಯೊಡತಿ ನನಗೇ ಫೋನ್ ಮಾಡಿದರು. “ಅಮ್ಮ, ಆದದ್ದು ಆಯ್ತು. ನಿಮ್ಮ ಚಿತ್ರಾನ್ನ ಬೇಕು ಅಂತ ಎಲ್ಲರೂ ಕೇಳ್ತಿದ್ದಾರೆ. ಮಾಡಿ ತರ್ತೀರಲ್ಲ?”

“ಅಕ್ಷರ ಬರೆಸ್ಲಿಕ್ಕೆ ಬರ್ತೇನೆ” ಎಂದೆ. “ಅದಕ್ಕೆ ಕರಿಯುದಾದ್ರೆ ಚಿತ್ರಾನ್ನವೂ ತರ್ತೇನೆ.”

“ಉಳಿದವರನ್ನು ಕೇಳಿ ಹೇಳ್ತೇನೆ ಅಮ್ಮ.”

“ಕೇಳಿ” ಎಂದು ನಾನೇ ಮೊದಲು ಫೋನ್ ಇಟ್ಟೆ.